ನಮ್ಮತ್ತೆ ವಾಕಿಂಗ್ ಹೋದದ್ದು

ಇವತ್ತು ಬೆಳಿಗ್ಗೆ ಕರೆಂಟಿನ ಮೀಟರ್ ನೋಡಲು ಬಂದವರು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿದ್ದ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ನೋಡಿ, "ಮಗಳು ಎಷ್ಟನೇ ಕ್ಲಾಸ್ ರೀ?" ಎಂದು ಕೇಳಿದರು. ನಾನು ನಗು ತಡೆದುಕೊಂಡು, "ಮಗಳವಲ್ಲ, ನಮ್ಮತ್ತೆಯವು" ಎಂದೆ. ಅವರು ಒಮ್ಮೆ ಬೂಟು ನೋಡಿದರು. ಇನ್ನೊಮ್ಮೆ, ಜಗಲಿಯ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಸೊಪ್ಪು ಸೋಸುತ್ತ ಕುಳಿತಿದ್ದ ನಮ್ಮತ್ತೆ ಹಾಲಮ್ಮನವರನ್ನು ನೋಡಿದರು. ಬಿಲ್ಲು ಕೈಗಿತ್ತು, ಮತ್ತೇನೂ ಕೇಳದೆ ಹೋದರು.

ಅವರಿಗೆ ಪುರುಸೊತ್ತಿರಲಿಲ್ಲ. ನಿಮಗಿದೆ ಅಂದುಕೊಂಡು ಹೇಳುತ್ತೇನೆ. ನಮ್ಮತ್ತೆಯ ಕಾಲಿಗೆ ಬೂಟು ಬಂದ ಕತೆ ಹೇಳಬೇಕಾದರೆ ಮೊದಲು ಅನ್ನದ ಕತೆ ಹೇಳಬೇಕು.

ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಮಳೆ ನಂಬಿದ ಊರು. ಜೋಳ, ಸಜ್ಜೆ, ನವಣೆ, ಸಾಲಿನ ನಡುವೆ ಒಂದಿಷ್ಟು ತೊಗರಿ, ಇವೇ ನಮ್ಮ ಬೆಳೆ, ಇವೇ ನಮ್ಮ ಊಟ. ಅನ್ನ ಮಾಡಬೇಕಾದರೆ ಹಬ್ಬ ಬರಬೇಕು, ನೆಂಟರು ಬರಬೇಕು, ಇಲ್ಲವೇ ಯಾರಿಗಾದರೂ ಜ್ವರ ಬರಬೇಕು. ಹಬ್ಬ ಮತ್ತು ನೆಂಟರು ನಮ್ಮ ಕೈಯಲ್ಲಿರಲಿಲ್ಲ. ಜ್ವರವಾದರೂ ನಮ್ಮದೇ ಎಂದು ತಿಳಿದ ನನ್ನ ತಂಗಿ ಒಂದು ಸಲ ಅವ್ವ ತಿರುಗಿದ ಹೊತ್ತು ನೋಡಿ, ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯನ್ನು ಹಣೆಗೆ ಒತ್ತಿಕೊಂಡು ಹಾಸಿಗೆ ಹಿಡಿದಳು. ಅವ್ವ ಬಂದು ಹಣೆ ಮುಟ್ಟಿದಳು. ಹಣೆಯೇನೋ ಸುಡುತ್ತಿತ್ತು, ಆದರೆ ಅವ್ವನ ಅಂಗೈಗೆ ಜೋಳದ ಹಿಟ್ಟೂ ಅಂಟಿತು. ಆ ದಿನ ಸಿಕ್ಕಿದ್ದು ಅನ್ನವಲ್ಲ, ಅದೇ ರೊಟ್ಟಿ, ಜೊತೆಗೆ ಬೆನ್ನಿಗೊಂದು ಪೆಟ್ಟು.

ಇಂಥ ಮನೆಗೆ ತ್ಯಾವಣಿಗೆಯಿಂದ ಸಂಬಂಧ ಬಂದಾಗ, ಹುಡುಗ ಹೇಗೆ ಎಂದು ವಿಚಾರಿಸುವ ಮೊದಲೇ ನಮ್ಮಜ್ಜಿ, "ನಾಲೆ ನೀರಾವರಿ ಐತಂತೆ. ಮೂರು ಹೊತ್ತೂ ಅನ್ನನೇ ಅಂತೆ" ಎಂದು ಕಣ್ಣರಳಿಸಿದಳು. ಸುಳ್ಳೇಕೆ ಹೇಳಲಿ, ನನ್ನ ಮನಸ್ಸೂ ಅಲ್ಲೇ ಅರ್ಧ ಒಪ್ಪಿಬಿಟ್ಟಿತ್ತು. ನನ್ನ ಗಂಡ ಇವತ್ತಿಗೂ ತಮ್ಮ ಮೀಸೆಯೇ ಗೆದ್ದಿತು ಅಂದುಕೊಂಡಿದ್ದಾರೆ. ಇರಲಿ, ಅಂದುಕೊಳ್ಳಲಿ.

ತ್ಯಾವಣಿಗೆಗೆ ಬಂದ ಮೇಲೆ ನಾನು ಗೀತಾ ಅನ್ನುವುದು ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿಯಿತು. ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರು. ಓಣಿಯವರಿಗೆ ಮಾತ್ರ ನಾನು 'ಸೊಕ್ಕೆಯೋಳು'. ಮಾತಾಡುವವರ ಮರ್ಜಿಯ ಮೇಲೆ ಅದು ಒಮ್ಮೊಮ್ಮೆ 'ಸೊಕ್ಕಿನೋಳು' ಎಂದೂ ಕೇಳಿಸುತ್ತಿತ್ತು. ನಮ್ಮತ್ತೆ ಎರಡನ್ನೂ ಒಂದೇ ಪ್ರೀತಿಯಿಂದ ಹೇಳುತ್ತಿದ್ದರು. ಅವರ ಪ್ರೀತಿಗೆ ಒಂದೇ ಭಾಷೆ, ಬಡಿಸುವುದು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ, ಮೇಲೆ ಮಜ್ಜಿಗೆಗೆ ಇನ್ನೊಂದು ಹಿಡಿ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಅನ್ನ ಇಳಿಯುತ್ತಿತ್ತು. ಟೀ ಅಂತೂ ಚಮಚ ನಿಲ್ಲುವಷ್ಟು ಸಿಹಿ. ನಾನು ರೊಟ್ಟಿ ಬಡಿಯುವುದನ್ನೇ ಮರೆತೆ. ತವರಿನಿಂದ ತಂದ ರವಿಕೆಗಳೆಲ್ಲ ತಂಗಿಯ ಪಾಲಾದವು.

ಎಲ್ಲ ಸರಿಯಾಗಿಯೇ ಇತ್ತು, ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಅತ್ತೆಯ ಪಾದಕ್ಕೆ ಕೊಯ್ದ ಭತ್ತದ ಕೂಳೆ ಚುಚ್ಚುವ ತನಕ. ಸಣ್ಣ ಗಾಯ. ಅರಿಸಿನ ಹಚ್ಚಿದರು, ಬಟ್ಟೆ ಕಟ್ಟಿದರು, ಮರೆತರು. ಗಾಯ ಮರೆಯಲಿಲ್ಲ. ವಾರ ಕಳೆದರೂ ಮಾಗದೆ ಸುತ್ತಲೂ ಕಪ್ಪಾಗತೊಡಗಿದಾಗ ನಾನು ಹಟ ಹಿಡಿದು ಚನ್ನಗಿರಿಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಆಯಿತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಗದ ನೋಡಿ, "ಸಕ್ಕರೆ ಕಾಯಿಲೆ ಐತೆ ಅಮ್ಮಾ. ಬಹಳ ದಿನದಿಂದ ಇದ್ದಂಗೆ ಕಾಣುತ್ತೆ" ಎಂದರು.

"ನಂಗೆ ಸಿಹಿ ಅಂದ್ರೆ ಆಗಾಕಿಲ್ಲ ಕಣ್ರೀ," ಅತ್ತೆ ಸಮಾಧಾನವಾಗಿಯೇ ಹೇಳಿದರು. "ಹೋಳಿಗೆನೂ ಒಂದರ ಮ್ಯಾಲೆ ತಿನ್ನಲ್ಲ. ಬೇರೆ ಯಾರದಾರ ರಕ್ತ ಇರಬೇಕು, ನೋಡ್ರಿ."

ಡಾಕ್ಟರಮ್ಮ ನಕ್ಕರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಮಾತ್ರೆ ತಪ್ಪಿಸಬಾರದು. ಅನ್ನ ಕಡಿಮೆ ಮಾಡಬೇಕು, ಕಾಳು ಸೊಪ್ಪು ಹೆಚ್ಚಿಸಬೇಕು. ಗಾಯ ಮಾಗಿದ ಮೇಲೆ ದಿನಾ ನಡೆಯಬೇಕು. ಬರಿಗಾಲಲ್ಲಿ ಮಾತ್ರ ಅಂಗಳಕ್ಕೂ ಇಳಿಯಬಾರದು.

ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕುಳಿತರು. ಕಂಡಕ್ಟರನ ಊರು, ಮನೆ, ಮಕ್ಕಳ ವಿಚಾರ ಕೇಳದೆ ಅವರು ಟಿಕೆಟ್ ತೆಗೆದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಊರು ಹತ್ತಿರವಾದಾಗ ಕಿಟಕಿ ಕಡೆ ಮುಖ ಮಾಡಿಕೊಂಡೇ, "ನೀಲಕ್ಕಂಗೂ ಹಿಂಗೇ ಕಾಲಿಂದ ಸುರು ಆಗಿದ್ದು" ಎಂದರು.

ನೀಲಮ್ಮ ಎಂದರೆ ಅತ್ತೆಯ ಒಡಹುಟ್ಟಿದ ಅಕ್ಕ, ಹೊನ್ನಾಳಿಗೆ ಮದುವೆಯಾಗಿ ಹೋದವರು. ಇದೇ ಕಾಯಿಲೆಯಿಂದ ಅವರ ಬಲಗಾಲಿನ ಬೆರಳುಗಳನ್ನು ತೆಗೆಯಬೇಕಾಗಿ ಬಂದಿತ್ತು. ಕಾಲು ಮಾಗಿ ಬಹಳ ಕಾಲವಾಗಿದ್ದರೂ ಅವರು ಕಿಟಕಿಯ ಪಕ್ಕದ ಮಂಚ ಹಿಡಿದವರು ಮನೆಯ ಹೊಸ್ತಿಲು ದಾಟಿರಲಿಲ್ಲ. ಅತ್ತೆ ಹೆದರಿದ್ದು ಸಕ್ಕರೆಗಲ್ಲ, ಆ ಕಿಟಕಿಯ ಪಕ್ಕದ ಮಂಚಕ್ಕೆ.

ನಾನು ಟೀಚರು, ಗೊತ್ತಲ್ಲ. ಆ ಸಂಜೆಯೇ ಅಡುಗೆಮನೆಯಲ್ಲಿ ಪಾಠ ಶುರು ಮಾಡಿದೆ. ಪಿಷ್ಟ ಎಂದೆ, ನಾರು ಎಂದೆ, ಸಮತೋಲನ ಎಂದೆ. ಮಾವ ಶನಿವಾರದ ಕೊನೆ ಪಿರಿಯಡ್ಡಿನ ಮಕ್ಕಳ ಹಾಗೆ ತೂಕಡಿಸಿದರು. ಮಾರನೆಯ ದಿನ ಅತ್ತೆಯ ತಟ್ಟೆಗೆ ಮಾತ್ರ ಎರಡು ರೊಟ್ಟಿ, ಪಲ್ಯ, ಕಾಳು ಹಾಕಿ, ನಮಗೆಲ್ಲ ಎಂದಿನಂತೆ ಅನ್ನ ಬಡಿಸಿದೆ. ರೊಟ್ಟಿಗಳ ಬಗ್ಗೆ ಹೆಚ್ಚು ಕೇಳಬೇಡಿ. ಕೈ ತಪ್ಪಿಹೋಗಿತ್ತು. ಒಂದು ತುದಿ ಚನ್ನಗಿರಿ ಕಡೆ, ಇನ್ನೊಂದು ತುದಿ ಜಗಳೂರು ಕಡೆ ಎಳೆದುಕೊಂಡು ಜಿಲ್ಲೆಯ ನಕ್ಷೆಯಂತಿದ್ದವು.

ಅತ್ತೆ ಎರಡು ದಿನ ತಿಂದರು. ಮೂರನೆಯ ದಿನ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ಎಂದೂ ಇಲ್ಲದೆ ನನ್ನ ಹೆಸರು ಹಿಡಿದು ಕರೆದರು.

"ಗೀತಾ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಮನೇಲಿ ಬ್ಯಾರೆ ಅಡಿಗೆ ಮಾಡೋದು ಬಾಣಂತಿಗೆ. ನಂಗೆ ಆ ವಯಸ್ಸು ದಾಟೈತೆ. ನೀವೆಲ್ಲ ಅನ್ನ ಕಲಸ್ಕಂಡು ಉಣ್ತಿರಬೇಕಾದ್ರೆ ನಾನೊಬ್ಳು ಮೂಲ್ಯಾಗೆ ಕುಂತು ರೊಟ್ಟಿ ಮುರೀತಿದ್ರೆ, ಈ ಮನೆಯೋಳೇ ಅಲ್ಲ ಅನ್ಸುತ್ತೆ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ಗಂಡ ತಮ್ಮ ತಟ್ಟೆಯ ಅನ್ನವನ್ನು ಪಾತ್ರೆಗೆ ಮರಳಿ ಸುರಿದು, "ನಂಗೂ ರೊಟ್ಟಿ ಹಾಕು" ಎಂದರು. ಮೀಸೆಯ ಬಗ್ಗೆ ಆ ಹೊತ್ತಿನಲ್ಲಿ ನನಗೂ ಸ್ವಲ್ಪ ಗೌರವ ಬಂತು. ಉಳಿದವರು ಮಾವ. ಭತ್ತ ಬೆಳೆಯುವ ಮನೆಯಲ್ಲಿ ಜೋಳ ತಂದು ತಿನ್ನುವುದೆಂದರೆ ಅವರಿಗೆ ಗದ್ದೆಗೇ ಮಾಡುವ ಅವಮಾನ. ಗೊಣಗುತ್ತಲೇ ರೊಟ್ಟಿ ತಿಂದರು. ತಿಂದಾದ ಮೇಲೆ, "ಆತು, ಈಗ ಊಟಕ್ಕೆ ಹಾಕು" ಎಂದು ತಟ್ಟೆ ಹಿಡಿದರು. ರೊಟ್ಟಿ ಊಟದ ಮುಂಚಿನ ತಿಂಡಿಯಲ್ಲ, ಅದೇ ಊಟ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಒಂದು ಭತ್ತದ ಬೆಳೆಯೇ ಮನೆಗೆ ಬಂತು.

ಸೊಕ್ಕೆಯಿಂದ ನನ್ನ ತಮ್ಮ ಬಸ್ಸಿನ ಟಾಪಿನ ಮೇಲೆ ಜೋಳದ ಚೀಲ ಹಾಕಿಕೊಂಡು ಬಂದ. ಜೊತೆಗೆ ನವಣೆ, ಹುರುಳಿ, ಅವ್ವನ ಕೈಯ ಗುರೆಳ್ಳು ಚಟ್ನಿಪುಡಿ. ಅನ್ನಕ್ಕೆ ಆಸೆಪಟ್ಟು ಆ ಊರು ಬಿಟ್ಟು ಬಂದವಳ ಹಿಂದೆಯೇ ಆ ಊರಿನ ಜೋಳ ಬಂದದ್ದನ್ನು ನೋಡಿ ನನಗೆ ನಗು ಬಂತು.

ಮನೆಯೇನೋ ದಾರಿಗೆ ಬಂತು. ಓಣಿ ಬರಬೇಕಲ್ಲ. ನಮ್ಮ ಓಣಿಯಲ್ಲಿ ಒಂದು ಮನೆಗೆ ತೊಟ್ಟಿಲು ಬಂದರೆ ಎಲ್ಲರ ಮನೆಗೂ ಹೋಳಿಗೆ ಬರುತ್ತದೆ. ಒಲ್ಲೆ ಎಂದರೆ ಮಗುವಿಗೇ ಒಲ್ಲೆ ಎಂದ ಹಾಗೆ. "ಒಂದಿನಕ್ಕೆ ಏನಾಗಲ್ಲ ತಗಾ ಹಾಲಮ್ಮ" ಎನ್ನುವವರು ದಿನಕ್ಕೊಬ್ಬರು. ಹೀಗೆ ದಿನಕ್ಕೊಂದು 'ಒಂದಿನ' ಬರುತ್ತಿತ್ತು. ಅತ್ತೆ ನನ್ನ ಕಡೆ ಕಳ್ಳನೋಟ ಬೀರುತ್ತ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಈ ರೂಢಿಯನ್ನು ಮೊದಲು ಮುರಿದವರು ಪಕ್ಕದ ಮನೆಯ ಖೈರುನ್ನಬಿ. ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪ್ರತಿ ರಂಜಾನಿಗೆ ಅವರ ಮನೆಯಿಂದ ನಮ್ಮಲ್ಲಿಗೆ ಒಂದು ದೊಡ್ಡ ಡಬ್ಬಿ ಸುರಕುಂಬ ಬರುತ್ತಿತ್ತು. ಹಾಲು, ಶಾವಿಗೆ, ಸಕ್ಕರೆ, ಮೇಲೆ ತೇಲುವ ಬಾದಾಮಿ, ಪಿಸ್ತಾ. ಅತ್ತೆಗೆ ಸಿಹಿ ಆಗುವುದಿಲ್ಲ ಎಂಬ ಮಾತು ಸುರಕುಂಬಕ್ಕೆ ಅನ್ವಯಿಸುತ್ತಿರಲಿಲ್ಲ. ಆ ವರ್ಷದ ಹಬ್ಬದ ದಿನ ಖೈರುನ್ನಬಿ ಎರಡು ಡಬ್ಬಿ ತಂದರು. ದೊಡ್ಡದನ್ನು ನನ್ನ ಕೈಗೆ ಕೊಟ್ಟು, ಚಿಕ್ಕದನ್ನು ಅತ್ತೆಯ ಮಡಿಲಿಗಿಟ್ಟರು. ತೆಗೆದು ನೋಡಿದರೆ ಬರೀ ಬಾದಾಮಿ, ಪಿಸ್ತಾ.

"ನೀನು ಸುರಕುಂಬ ತಿನ್ನಬ್ಯಾಡ ಅಕ್ಕಾ. ಅದರಾಗೆ ಹಾಕೋದನ್ನ ತಿನ್ನು," ಎಂದರು.

ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ, "ಶಾವಿಗೆನಾದ್ರೂ ಎರಡು ಎಳೆ ಹಾಕಿದ್ದರೆ ನಿಂದೇನು ಹೋಗ್ತಿತ್ತೇ?" ಎಂದರು. ಇಬ್ಬರೂ ನಕ್ಕರು. ಆ ಚಿಕ್ಕ ಡಬ್ಬಿಯ ಸುದ್ದಿ ಮಧ್ಯಾಹ್ನದೊಳಗೆ ಓಣಿಯ ಕೊನೆ ಮುಟ್ಟಿತು. ಆಮೇಲೆ ನಮ್ಮ ಮನೆಗೆ ಹೋಳಿಗೆಯ ಬದಲು ಹೂರಣ ರುಬ್ಬುವ ಮುಂಚಿನ ಬೇಯಿಸಿದ ಬೇಳೆ, ಹೋಳಿಗೆ ಸಾರು, ಒಗ್ಗರಣೆ ಹಾಕಿದ ಕಾಳು ಬರತೊಡಗಿದವು. ಕೊಡುವುದನ್ನು ಬಿಡಲು ಓಣಿಗೆ ಆಗುತ್ತಿರಲಿಲ್ಲ. ಕೊಡುವ ವಸ್ತುವನ್ನು ಬದಲಿಸಲು ಯಾರ ಅಡ್ಡಿಯೂ ಇರಲಿಲ್ಲ.

ಇನ್ನು ನಡಿಗೆ. ಗಾಯ ಮಾಗಿತು, ದೇವರು ದೊಡ್ಡವನು. ಆದರೆ ಚಪ್ಪಲಿಯ ಪಟ್ಟಿ ಸರಿಯಾಗಿ ಆ ಜಾಗಕ್ಕೇ ಉಜ್ಜುತ್ತಿತ್ತು. ನನ್ನ ಗಂಡ ದಾವಣಗೆರೆಯಲ್ಲಿ ಹುಡುಕಿ ಮೆತ್ತನೆಯ ಕ್ಯಾನ್ವಾಸ್ ಬೂಟು ತಂದರು. ಅತ್ತೆಯ ಪಾದ ಚಿಕ್ಕದು, ಅಳತೆ ಸಿಕ್ಕಿದ್ದು ಶಾಲಾ ಮಕ್ಕಳ ಬೂಟುಗಳಲ್ಲಿ. ಅತ್ತೆ ಅವನ್ನು ನೋಡಿ, "ನಾನೇನು ಪಿ.ಟಿ. ಮೇಷ್ಟ್ರಾ?" ಎಂದು ಕೇಳಿ ಮಂಚದ ಕೆಳಗೆ ತಳ್ಳಿದರು. ಮೆತ್ತನೆಯ ಹಳೇ ಚಪ್ಪಲಿಯಲ್ಲೇ ನಡೆದು ತೋರಿಸುತ್ತೇನೆ ಎಂದು ಹೊರಟರು.

ಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವುದು ಎಷ್ಟು ಕಷ್ಟ ಎಂದು ಪಾರ್ಕಿನಲ್ಲಿ ನಡೆಯುವವರಿಗೆ ತಿಳಿಯದು. ಪ್ರತಿ ಜಗಲಿಯಿಂದಲೂ ಒಂದೇ ಪ್ರಶ್ನೆ. "ಎಲ್ಲಿಗೆ ಹೊಂಟೆ ಹಾಲಮ್ಮಾ?" ಎಲ್ಲಿಗೂ ಇಲ್ಲ, ಸುಮ್ಮನೆ ಹೋಗಿ ಸುಮ್ಮನೆ ಬರುತ್ತೇನೆ ಎಂದರೆ ಮನೆಯಲ್ಲಿ ಸೊಸೆಯ ಜೊತೆ ಜಗಳ ಎಂದು ತೀರ್ಮಾನವಾಗುತ್ತದೆ. ಅತ್ತೆ "ಅಂಗಡಿಗೆ" ಎಂದರು. ಅಂದ ಮೇಲೆ ಬರಿಗೈಯಲ್ಲಿ ಬರುವಂತಿಲ್ಲ, ಒಂದು ಬೆಂಕಿಪೊಟ್ಟಣ ತಂದರು. ಮರುದಿನವೂ ಅಂಗಡಿ, ಮರುದಿನವೂ ಬೆಂಕಿಪೊಟ್ಟಣ. ದೇವರ ಗೂಡಿನಲ್ಲಿ ಅವು ಗೋಡೆ ಕಟ್ಟಿದ ಹಾಗೆ ಜೋಡಣೆಯಾದವು. ಕೊನೆಗೆ ಅಂಗಡಿಯಾತನೇ ನನ್ನ ಗಂಡನನ್ನು ತಡೆದು, "ಮನೇಲಿ ಎಲ್ಲ ಅರಾಮಾ ಅಣ್ಣಾ?" ಎಂದು ಮೆಲ್ಲಗೆ ಕೇಳಿದನಂತೆ. ಅತ್ತೆ ನಡಿಗೆ ನಿಲ್ಲಿಸಿದರು.

ಖೈರುನ್ನಬಿ ಕಾರಣ ಕೇಳಿದರು. ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳುತ್ತ ಕೇಳುತ್ತ ಖೈರುನ್ನಬಿಯ ಹೊಲಿಗೆ ಮಿಷನ್ ನಿಂತಿತು.

"ನಂಗೂ ಬೀಪಿ ಐತೆ ಅಕ್ಕಾ. ನಡೀರಿ ಅಂತ ನಂಗೂ ಹೇಳ್ಯಾರೆ. ನಾನು ಯಾರಿಗೂ ಹೇಳಿಲ್ಲ. ಎಲ್ಲಿಗೆ ಅಂತ ನಡೆಯಾಕೆ?"

ಇಬ್ಬರೂ ಸೇರಿ ಯೋಚಿಸಿದರು. ನೆಪ ಸಿಕ್ಕಿದ್ದು ನಾಲೆಯ ಏರಿಯ ಮೇಲೆ. ಅಲ್ಲಿ ಹೊನಗೊನ್ನೆ, ಅಣ್ಣೆ, ಗೋಣಿ ಸೊಪ್ಪು ಬೇಕಾದಷ್ಟು. ಸೊಪ್ಪು ಕೀಳಲು ಹೋಗುವ ಹೆಂಗಸನ್ನು ಯಾರೂ ಪ್ರಶ್ನಿಸುವುದಿಲ್ಲ. ಬೂಟಿನ ವಿಷಯವನ್ನೂ ಖೈರುನ್ನಬಿಯೇ ಬಗೆಹರಿಸಿದರು. ತಮಗೂ ಅಂಥದ್ದೇ ಒಂದು ಜೊತೆ ತರಿಸಿಕೊಂಡು, ಬುರ್ಖಾದ ಕೆಳಗೆ ಹಾಕಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. "ಇಬ್ಬರೂ ಹಾಕ್ಕಂಡ್ರೆ, ನಗೋರು ಯಾರನ್ನ ನೋಡಿ ನಗ್ತಾರೆ?"

ಇಬ್ಬರನ್ನೂ ನೋಡಿ ನಕ್ಕರು. ಆದರೆ ನಗಲು ಜಗಲಿಯಿಂದ ಎದ್ದು ಬಂದವರು ಸ್ವಲ್ಪ ದೂರ ಜೊತೆಗೂ ಬಂದರು. ನ್ಯಾಮತಿ ಕಡೆಯ ಸೂರಗೊಂಡನಕೊಪ್ಪದಿಂದ ಮದುವೆಯಾಗಿ ಬಂದ ಶಾಂತಿಬಾಯಿ ಯಾವ ಸೊಪ್ಪಿನ ಜೊತೆ ಯಾವುದು ಬೆರೆಸಿದರೆ ರುಚಿ ಎಂದು ಹೇಳಿಕೊಡುವ ಉತ್ಸಾಹದಲ್ಲಿ ಸೇರಿದಳು. ಹೀಗೆ ಸಂಜೆಯಾದರೆ ಏರಿಯ ಮೇಲೆ ಹೆಂಗಸರ ಸಾಲು. ಶಾಲೆ ಬಿಟ್ಟ ಮೇಲೆ ನಾನೂ ಸೇರಿಕೊಳ್ಳುತ್ತಿದ್ದೆ. ಆರೋಗ್ಯದ ಪಾಠ ಮಾಡಿದ ನಾನೇ ಮೊದಲು ಏದುಸಿರು ಬಿಟ್ಟು ಕುಳಿತುಕೊಳ್ಳುತ್ತಿದ್ದೆ. "ಸೊಕ್ಕೆಯೋಳ ಸೊಕ್ಕು ಇಳೀತು ನೋಡ್ರೇ" ಎಂದು ಅತ್ತೆ ಮುಂದೆ ಹೋಗುತ್ತಿದ್ದರು. ಓಣಿಯ ಎಲ್ಲ ಮನೆಗಳಲ್ಲೂ ಬೆರಕೆ ಸೊಪ್ಪಿನ ಸಾರು ಕುದಿಯತೊಡಗಿತು. ಗಂಡಸರು ಗೊಣಗಿದರು, ಉಂಡರು.

ಮುಂದಿನ ತಪಾಸಣೆಗೆ ಚನ್ನಗಿರಿಗೆ ಹೋದಾಗ ಖೈರುನ್ನಬಿಯೂ ಬೀಪಿ ತೋರಿಸಲು ಬಂದರು. ಡಾಕ್ಟರಮ್ಮ ರಿಪೋರ್ಟು ನೋಡಿದರು, ಪಾದ ಹಿಡಿದು ನೋಡಿದರು, ಮತ್ತೆ ರಿಪೋರ್ಟು ನೋಡಿದರು. "ಮಾತ್ರೆ ಬಿಡಬ್ಯಾಡಿ, ಆದರೆ ಸಕ್ಕರೆ ಹಿಡಿತಕ್ಕೆ ಬಂದೈತೆ. ಏನು ಮಾಡಿದ್ರಿ ಅಮ್ಮಾ?"

"ಏನಿಲ್ರೀ," ಅತ್ತೆ ಸೆರಗು ಸರಿ ಮಾಡಿಕೊಂಡರು. "ಸೊಪ್ಪು ಕೀಳಾಕೆ ಹೋಗಿದ್ವಿ."

ಬಸ್‌ಸ್ಟ್ಯಾಂಡಿಗೆ ಬಂದಾಗ ನಮ್ಮೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಅತ್ತೆ ಅದರ ಪಕ್ಕದಲ್ಲೇ ನಡೆದುಹೋಗಿ ಹೊನ್ನಾಳಿ ಬಸ್ಸು ಹತ್ತಿದರು. ನಾವು ಕೆಳಗಿನಿಂದ ಕೂಗಿದೆವು. ಅವರು ಕಿಟಕಿಯಿಂದ ತಲೆ ಹೊರಹಾಕಿ, "ನೀಲಕ್ಕನ ನೋಡ್ಕಂಡು ಬರಾನ, ಹತ್ರಿ" ಎಂದರು. ನಾನು ಮನೆಗೆ ಫೋನ್ ಮಾಡಿದೆ. ಖೈರುನ್ನಬಿ ಬೇಕರಿಗೆ ಫೋನ್ ಮಾಡಿದರು. ಹತ್ತಿದೆವು. ಈ ಸಲ ಕಂಡಕ್ಟರನ ತಾಯಿಯ ಊರಿನ ತನಕ ವಿಚಾರಣೆ ನಡೆಯಿತು.

ನೀಲಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿದ್ದರು. ತಂಗಿಯ ಕಾಲಿನ ಬೂಟು ನೋಡಿ ಮೊದಲು ಬೆರಗಾದರು, ಆಮೇಲೆ ಖೈರುನ್ನಬಿಯ ಕಾಲನ್ನೂ ನೋಡಿ ಬಾಯಿಗೆ ಸೆರಗಿಟ್ಟು ನಗಲು ಶುರು ಮಾಡಿದರು. ಅವರ ಸೊಸೆ ಸುಮಾ ಅಡುಗೆಮನೆಯಿಂದ ಓಡಿ ಬಂದಳು. ತನ್ನ ಅತ್ತೆಯ ನಗು ಕೇಳಿ ಬಹಳ ದಿನವಾಗಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಊಟವಾದ ಮೇಲೆ ನಮ್ಮತ್ತೆ ವಿಷಯಕ್ಕೆ ಬಂದರು. "ಏಳು ಅಕ್ಕಾ, ಹೊಳೆ ದಂಡೆ ತನಕ ಹೋಗಿ ಬರಾನ."

ನೀಲಮ್ಮನ ನಗು ನಿಂತಿತು. "ನಾ ಒಲ್ಲೆ."

"ನೋವು ಐತಾ?"

"ನೋವಿಲ್ಲ." ಅವರು ಸೀರೆಯಂಚಿನಿಂದ ಪಾದ ಮುಚ್ಚಿಕೊಂಡರು. "ಜನ ಕಾಲು ನೋಡ್ತಾರೆ ಕಣೇ ಹಾಲೀ. ಮುಖ ಯಾರೂ ನೋಡಾಕಿಲ್ಲ."

ಸುಮಾ ಬಗ್ಗಿ ಮಂಚದ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ಡಾಕ್ಟರು ಹೇಳಿ ಅವರ ಕಾಲಿನ ಅಳತೆಗೇ ಮಾಡಿಸಿದ ಮೆತ್ತನೆಯ ಬೂಟು. ಹೊಸದರ ವಾಸನೆ ಇನ್ನೂ ಹೋಗಿರಲಿಲ್ಲ. ಖೈರುನ್ನಬಿ ನೆಲದ ಮೇಲೆ ಕುಳಿತು, ಕೇಳದೆಯೇ ನೀಲಮ್ಮನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೊಲಿಯುವವರ ಕೈ, ಅಳತೆ ತೆಗೆದ ಹಾಗೆ ಒಮ್ಮೆ ಸವರಿತು. ಬೂಟು ಏರಿತು.

"ನಮ್ಮ ಜೊತೆ ಬರ್ರಿ ಅಕ್ಕಾ. ನಮ್ಮನ್ನ ನೋಡಾದು ಬಿಟ್ಟು ನಿಮ್ಮ ಕಾಲು ಯಾರು ನೋಡ್ತಾರೆ?"

ಅವರು ಹೇಳಿದ್ದು ಸರಿಯಾಗಿತ್ತು. ಇಳಕಲ್ ಸೀರೆಯ ಕೆಳಗೊಂದು ಜೊತೆ ಬಿಳಿ ಬೂಟು, ಬುರ್ಖಾದ ಕೆಳಗೊಂದು ಜೊತೆ. ಹೊನ್ನಾಳಿಯ ಆ ಬೀದಿ ಕಣ್ಣು ಬಿಟ್ಟುಕೊಂಡು ನೋಡಿತು. ನಡುವೆ ಇಬ್ಬರ ತೋಳು ಹಿಡಿದು ಬರುತ್ತಿದ್ದ ನೀಲಮ್ಮನ ಪಾದದ ಕಡೆ ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ. ಗುರುತಿನವರು ಎದುರಾದರು. "ನೀಲಮ್ಮಾ, ಎಷ್ಟು ದಿನ ಆತವ್ವ ನಿನ್ನ ಮುಖ ನೋಡಿ" ಎಂದು ಒಬ್ಬರು ಕೈ ಹಿಡಿದುಕೊಂಡರು. ತುಂಗಭದ್ರೆಯ ದಂಡೆಯಲ್ಲಿ ಅಕ್ಕತಂಗಿಯರು ಬಹಳ ಹೊತ್ತು ಕುಳಿತರು. ಏನು ಮಾತಾಡಿದರೋ, ನಾವು ದೂರವೇ ಉಳಿದೆವು. ಕೊನೆಯ ಬಸ್ಸು ತಪ್ಪಿತು, ಯಾರೂ ಬೇಸರಪಡಲಿಲ್ಲ.

ಬೆಳಿಗ್ಗೆ ಎದ್ದಾಗ ನೀಲಮ್ಮನ ಮಂಚ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಮುಂಬಾಗಿಲು ತೆರೆದಿತ್ತು. ಸುಮಾ ಗಾಬರಿಯಿಂದ ಬೀದಿಗೆ ಓಡಿದಳು, ಹಿಂದೆ ನಾವು. ದೂರ ಹೋಗಬೇಕಾಗಲಿಲ್ಲ. ಎದುರು ಸಾಲಿನ ಒಂದು ಮನೆಯ ಮುಂದೆ ನೀಲಮ್ಮ ಬೂಟು ಹಾಕಿಕೊಂಡು ನಿಂತಿದ್ದರು. ಅವರ ತೋರುಬೆರಳು ಹಿಡಿದುಕೊಂಡು, ಆಗಷ್ಟೇ ಹೆಜ್ಜೆ ಕಲಿತ ಒಂದು ಹೆಣ್ಣುಮಗು ತೂರಾಡುತ್ತ ನಿಂತಿತ್ತು. ಮಗುವಿನ ತಾಯಿ ಬಾಗಿಲಿಗೊರಗಿ ನಗುತ್ತಿದ್ದಳು.

"ಇದು ಹುಟ್ಟಿದಾಗಿಂದ ಕಿಟಕಿಯಾಗಿಂದ ಬರೀ ಅಳು ಕೇಳ್ತಿದ್ದೆ," ನೀಲಮ್ಮ ನಮಗೆ ಹೇಳಿದರು. "ಮುಖ ಹೆಂಗೈತೋ ನೋಡೋಣ ಅಂತ ಬಂದೆ. ಚೆಂದ ಐತೆ."

ಸುಮಾ ಹತ್ತಿರ ಹೋಗಿ ತೋಳು ಹಿಡಿಯಲು ಕೈ ಚಾಚಿದಳು. ನೀಲಮ್ಮ ಬೇಡವೆಂದು ತಲೆಯಾಡಿಸಿದರು.

"ನೀವು ಒಳಗೆ ಹೋಗಿ ಟೀ ಕುಡೀರಿ," ಎಂದರು. "ನಾವಿಬ್ಬರೂ ಆ ತಿರುವಿನ ತನಕ ಹೋಗಿ ಬರ್ತೀವಿ."